ಗಿರಣಿಯ ಹಿಂದಿನ ಗೇಟು

ಮಾರ್ಚ್ 4, ಬುಧವಾರ

ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ಮೇಲಿನ ಹಲ್ಲಿನ ಸಾಲನ್ನು ಕೆಳಗಿನ ಸಾಲಿಗೆ ತಂತಿ ಹಾಕಿ ಬಿಗಿದಿದ್ದಾರೆ. ಏಪ್ರಿಲ್ ಒಂಬತ್ತರವರೆಗೆ ಬಾಯಿ ತೆರೆಯುವ ಹಾಗಿಲ್ಲ. ವಾಂತಿ ಬಂದರೆ ತಂತಿ ಕತ್ತರಿಸಿಕೊಳ್ಳಲಿ ಎಂದು ಡಾಕ್ಟರು ಒಂದು ಪುಟ್ಟ ಕಟಿಂಗ್ ಪ್ಲೇಯರ್ ಕೊಟ್ಟಿದ್ದಾರೆ. ಅದಕ್ಕಿಂತ ಒಳ್ಳೆಯವು ನನ್ನ ವೆಲ್ಡಿಂಗ್ ಕೋಣೆಯಲ್ಲಿ ಹನ್ನೆರಡಿವೆ.

ಮಾತಾಡಲು ಆಗದೆ ತಲೆ ಸಿಡಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲು ಅಲ್ಲ.

ಆದದ್ದು ಇಷ್ಟು. ಕಳೆದ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹಳೆಯ ಬಟ್ಟೆ ಗಿರಣಿಯ ನನ್ನ ಕೋಣೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆ. ಗಡ್ಡದಣ್ಣನ ದೊಡ್ಡ ಹಕ್ಕಿಯ ರೆಕ್ಕೆ ಅದು. ಅವನು ಶಿಲ್ಪಿ, ಕಾಗದದ ಮೇಲೆ ಗೀಚುತ್ತಾನೆ, ನಾನು ಕಬ್ಬಿಣದಲ್ಲಿ ನಿಲ್ಲಿಸುತ್ತೇನೆ, ಹೆಸರು ಅವನದು. ಮುಖಕ್ಕೆ ವೆಲ್ಡಿಂಗ್ ಮುಖವಾಡ, ಮೈಗೆ ಚರ್ಮದ ಕೋಟು, ಕಿವಿಗೆ ಹತ್ತಿ. ಜನ ಒಳಗೆ ನುಗ್ಗಿದ್ದು ಕೇಳಿಸಲಿಲ್ಲ. ಕಣ್ಣಂಚಿನಲ್ಲಿ ಹಳದಿ ಅಂಗಿಯೊಂದು ಕಂಡಿತು, ಅಷ್ಟೆ. ರಾಡು ಮುಖವಾಡದ ಕೆಳಅಂಚಿಗೆ ಬಿತ್ತು. ಅಂಚು ದವಡೆಯೊಳಗೆ ಇಳಿಯಿತು. ನಾನು ಬಿದ್ದ ಮೇಲೆ ಆ ಅಂಗಿಯವನು ಪಕ್ಕೆಗೆ ಮೂರು ಸಲ ಒದ್ದ. ನೆಲದ ಮೇಲೆ ನನ್ನದೇ ಎರಡು ಹಲ್ಲುಗಳನ್ನು ನೋಡುತ್ತ, ಗ್ಯಾಸ್ ಬಂದ್ ಮಾಡಬೇಕು, ಗ್ಯಾಸ್ ಬಂದ್ ಮಾಡಬೇಕು ಎಂದುಕೊಳ್ಳುತ್ತಿದ್ದೆ.

ಹದಿನೈದು ಇಪ್ಪತ್ತು ಮಂದಿ ಬಂದಿದ್ದರಂತೆ. ಮೇಲಿನ ಮಹಡಿಯ ಸ್ಟುಡಿಯೋಗಳನ್ನೆಲ್ಲ ಪುಡಿ ಮಾಡಿದರು. ಮಡಕೆ ಮಾಡುವ ಮಣ್ಣಕ್ಕನ ಕೈ ಹಿಂದಕ್ಕೆ ತಿರುಚಿ ಹಿಡಿದು, ಅವಳ ಕಣ್ಣೆದುರಿಗೇ ಅವಳ ಮಡಕೆ ಸುಡುವ ಗೂಡನ್ನು ಒಡೆದರು. ಗಡ್ಡದಣ್ಣ ಕಕ್ಕಸಿನಲ್ಲಿ ಅಗುಳಿ ಹಾಕಿಕೊಂಡು ಕೂತಿದ್ದ. ಆರಡಿ ಎರಡಿಂಚು ಎತ್ತರದ ಮನುಷ್ಯ.

ಷಟರ್ ಎಳೆದ ಸದ್ದಿಗೆ ಈಗಲೂ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತೇನೆ. ಪಕ್ಕದ ಮನೆಯವರು ಪಾತ್ರೆ ಬೀಳಿಸಿದಾಗ ಮಂಚದ ಕೆಳಗೆ ಹೋಗಿಬಿಟ್ಟಿದ್ದೆ. ಅಮ್ಮ ಕಾಲು ಹಿಡಿದು ಎಳೆದಳು.

ಮಾರ್ಚ್ 6, ಶುಕ್ರವಾರ

ಅಮ್ಮನಿಗೆ ಕಿವಿ ಕೇಳಿಸದು. ಇಪ್ಪತ್ತೆಂಟು ವರ್ಷ ಇದೇ ಗಿರಣಿಯ ಮಗ್ಗಗಳ ನಡುವೆ ನಿಂತು ದುಡಿದವಳು. ಆ ಸದ್ದಿನಲ್ಲಿ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಈಗ ನನ್ನ ತುಟಿ ಬದನೆಕಾಯಿಯ ಹಾಗೆ ಊದಿದೆ, ಅಲ್ಲಾಡುವುದೂ ಇಲ್ಲ. ಓದು ಅವಳಿಗೆ ಬಾರದು. ಹೀಗೆ ಮನೆಯಲ್ಲಿ ಒಬ್ಬಳು ಕಿವುಡಿ, ಒಬ್ಬಳು ಮೂಗಿ. ಬೆಳಿಗ್ಗೆ ಅವಳು ಸಕ್ಕರೆ ಬೇಕಾ ಎಂದು ಕೇಳಿದ್ದಕ್ಕೆ ನಾನು ಕೈಯಾಡಿಸಿದ್ದನ್ನು ನೋಡಿ ಫ್ಯಾನ್ ಹಾಕಿ ಹೋದಳು. ನಗು ಬಂತು. ನಕ್ಕರೆ ಪ್ರಾಣ ಹೋಗುವಷ್ಟು ನೋವು.

ಮಧ್ಯಾಹ್ನ ತಮ್ಮ ಬಂದ. ಸ್ಟ್ರಾ, ಸೂಪಿನ ಪೊಟ್ಟಣ, ಮುಲಾಮು. ಅವನು ಗಿರಣಿ ಕಾಯುವ ಸೆಕ್ಯೂರಿಟಿ ಕಂಪನಿಯಲ್ಲಿ ಸೂಪರ್‌ವೈಸರ್. ಯೂನಿಫಾರ್ಮಿನಲ್ಲೇ ಬಂದು ನನ್ನ ಕಾಲ ಬಳಿ ಕೂತು ಅತ್ತ. ನಲವತ್ತು ದಾಟಿದ ಗಂಡಸು ಬಿಕ್ಕಿ ಬಿಕ್ಕಿ ಅತ್ತರೆ ನೋಡಲಾಗದು. ತಲೆ ಸವರಿದೆ.

"ಅಕ್ಕ, ಬಿಟ್ಬಿಡು ಆ ಜಾಗಾನ," ಎಂದ. "ಗಿರಣಿ ಯಜಮಾನರ ಮಗ ಹೋಟೆಲಿನವರಿಗೆ ಮಾರೇ ಮಾರ್ತಾನೆ. ಕೋರ್ಟು, ತಡೆಯಾಜ್ಞೆ ಎಲ್ಲಾ ಎಷ್ಟು ದಿನ ತಡೆಯುತ್ತೆ? ಗೋಡೆಗೋಸ್ಕರ ಜೀವ ಕಳ್ಕೋತೀಯಾ?"

ಒಪ್ಪಿದೆ ಎನ್ನುವ ಹಾಗೆ ತಲೆಯಾಡಿಸಿದೆ. ನಿಜವಾಗಿಯೂ ಒಪ್ಪಿದ್ದೆ. ಸಾಕಾಗಿತ್ತು.

ಮಾರ್ಚ್ 9, ಸೋಮವಾರ

ಸಾಮಾನು ತರೋಣವೆಂದು ಗಿರಣಿಗೆ ಹೋದೆ.

ಹತ್ತು ವರ್ಷದ ಹಿಂದೆ ಈ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಗಿರಣಿ ಮುಚ್ಚಿ, ಪಕ್ಕದ ಎರಕದ ಕಾರ್ಖಾನೆ ಮುಚ್ಚಿ, ಬಣ್ಣದ ಕಾರ್ಖಾನೆಯ ಛಾವಣಿ ಕುಸಿದು ಬಿದ್ದಿತ್ತು. ಆಗ ಈ ಕಲಾವಿದರು ಒಬ್ಬೊಬ್ಬರೇ ಬಂದರು. ಚಿಮಣಿಗೆ ಬಣ್ಣ ಬಳಿದರು, ಹತ್ತಿ ತೂಗುವ ಕೋಣೆಯಲ್ಲಿ ಕಾಫಿ ಅಂಗಡಿ ಆಯಿತು, ನೂಲಿನ ಗೋದಾಮಿನಲ್ಲಿ ನಾಟಕ. ಶನಿವಾರ ಭಾನುವಾರ ಜನವೋ ಜನ. ಬಾಗಿಲಿಲ್ಲದ ಗಿರಣಿಗೆ ಬಾಗಿಲು ಕಿಟಕಿ ಸರಳು ಎಲ್ಲ ಮಾಡಿಕೊಟ್ಟವಳು ನಾನು. ಜಾಗಕ್ಕೆ ಬೆಲೆ ಬಂದದ್ದು ಹೀಗೆ. ಬೆಲೆ ಬಂದ ಮೇಲೆ ನಾವು ಬೇಡವಾದೆವು.

ಮಣ್ಣಕ್ಕ ಚೂರುಗಳ ನಡುವೆ ಕೂತು ದೊಡ್ಡವನ್ನೂ ಚಿಕ್ಕವನ್ನೂ ಬೇರೆ ಮಾಡುತ್ತಿದ್ದಳು. ಅರವತ್ತು ದಾಟಿದವಳು. ಬಲ ಭುಜಕ್ಕೆ ಪಟ್ಟಿ.

"ಬಂದ್ಯಾ? ಕೂತ್ಕೋ," ಎಂದಳು. "ಬಾಯಿ ಕಟ್ಟಿದ್ದಾರಂತೆ. ಒಳ್ಳೇದಾಯ್ತು ಬಿಡು, ಇನ್ನಾದ್ರೂ ನನ್ನ ಮಾತು ಪೂರ್ತಿ ಕೇಳ್ತೀಯ."

ಅವಳ ಜೊತೆ ಕೂತು ಚೂರು ಆರಿಸಿದೆ. ಗಡ್ಡದಣ್ಣ ಬಂದು ನನ್ನ ಮುಖ ನೋಡಲಾರದೆ ಗೋಡೆ ನೋಡುತ್ತ ನಿಂತ. ಸಾಮಾನು ತರಲಿಲ್ಲ.

ಮಾರ್ಚ್ 10, ಮಂಗಳವಾರ

ಗಿರಣಿಗೆ ಪೊಲೀಸಿನವನು ಬಂದಿದ್ದ. ಬೀಗ ಒಡೆದು ನುಗ್ಗಿದ್ದಾರೆ, ಯಾರೆಂದು ಗೊತ್ತಾಗುವುದಿಲ್ಲ ಎಂದು ಬರೆದುಕೊಂಡ.

ಅವನು ಹೋದ ಮೇಲೆ ಹಿಂದಿನ ಗೇಟಿಗೆ ಹೋಗಿ ನೋಡಿದೆ. ಆ ಗೇಟಿನ ಕೊಂಡಿ ನಾನೇ ಬಡಿದದ್ದು. ಕೊಂಡಿಗೆ ಒಂದು ಗೀರೂ ಇಲ್ಲ. ಬೀಗದ ಬಾಗಿದ ಸರಳಿನಲ್ಲಿ ಗರಗಸದ ಗುರುತಿದೆ, ಸರಿ. ಆದರೆ ತೆರೆದಿದ್ದ ಬೀಗಕ್ಕೆ ಆಮೇಲೆ ಹಾಕಿದ ಗುರುತು ಅದು. ಮುಚ್ಚಿದ ಬೀಗವನ್ನು ಕೊಯ್ದರೆ ಕಬ್ಬಿಣದ ಪುಡಿ ಬೀಗದ ತೂತಿನೊಳಗೆ ಸೇರುತ್ತದೆ. ಒಳಗೆ ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ.

ಕೀಲಿ ಎರಡೇ ಇರುವುದು. ಒಂದು ನನ್ನ ಸೊಂಟದಲ್ಲಿ.

ಮಾರ್ಚ್ 11, ಬುಧವಾರ

ತಮ್ಮ ಬಂದಿದ್ದ. ಸೂಪು ತಂದಿದ್ದ. ಕುಡಿದೆ.

ಮಾರ್ಚ್ 14, ಶನಿವಾರ

ಕೈ ಕಟ್ಟಿಕೊಂಡು ಕೂರುವುದಕ್ಕಿಂತ ಇದು ಮೇಲು ಎಂದು ಕಿಟಕಿ ಸರಳಿನ ಉಳಿಕೆಗಳನ್ನು ಕತ್ತರಿಸಿದೆ. ಒಂದೂವರೆ ಅಡಿ ಉದ್ದ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ, ತುದಿಗೆ ಒಂದು ನಟ್ ಕೂರಿಸಿ ವೆಲ್ಡ್ ಮಾಡಿದೆ. ತೂಕ ಮುಂದಕ್ಕೆ ಬರಬೇಕು, ಇಲ್ಲದಿದ್ದರೆ ಏಟು ಜಾರುತ್ತದೆ. ಇಪ್ಪತ್ತೆರಡು ರಾಡು ಮಾಡಿದೆ. ಕೇವಲ ರಕ್ಷಣೆಗೆ.

ಗಡ್ಡದಣ್ಣ ಒಂದನ್ನು ಕೈಗೆತ್ತಿಕೊಂಡು ಬೀಸಿ ನೋಡಿದ. ಗಾಳಿ ಸೀಳಿದ ಸದ್ದಿಗೆ ಅವನ ಮುಖವೇ ಬೇರೆಯಾಯಿತು. "ನಾನು ಹತ್ತು ವರ್ಷದಲ್ಲಿ ಮಾಡಿದ್ದೆಲ್ಲಕ್ಕಿಂತ ಇದು ಚೆನ್ನಾಗಿದೆ ಅಕ್ಕ," ಎಂದ. ಎಲ್ಲರೂ ತೆಗೆದುಕೊಂಡರು. ನಾಟಕದವರು, ಫೋಟೋದವಳು, ಕಾಫಿ ಅಂಗಡಿಯವನು ಕೂಡ.

ಮಣ್ಣಕ್ಕನಿಗೆ ಕೊಡಲು ಹೋದೆ. ಅದನ್ನೂ ನನ್ನನ್ನೂ ನೋಡಿದಳು. "ಈ ವಯಸ್ಸಲ್ಲಿ ಇದನ್ನ ಎತ್ತಿ ಯಾರಿಗೆ ಹೊಡೀಲಿ? ತಗೊಂಡು ಹೋಗು," ಎಂದಳು. ಭುಜ ನೋವಿರಬೇಕು.

ಮಾರ್ಚ್ 19, ಗುರುವಾರ

ಇವತ್ತು ಬಂದರು. ಮಧ್ಯಾಹ್ನ ಮೂರಕ್ಕೆ, ಮತ್ತೆ ಹಿಂದಿನ ಗೇಟಿನಿಂದಲೇ.

ನಾವು ಐದು ದಿನದಿಂದ ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. ಗಿರಣಿಯ ಮೆಟ್ಟಿಲು ಕಿರಿದು, ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹತ್ತಲಾರರು. ಮೊದಲನೆಯವನ ಮೊಣಕಾಲಿಗೆ ಹೊಡೆದೆ. ಒಣಸೌದೆ ಮುರಿದ ಸದ್ದು. ಅವನು ಹಿಂದಿನವರ ಮೇಲೆ ಬಿದ್ದ, ಅವರು ಅವನನ್ನೇ ತುಳಿದುಕೊಂಡು ಹತ್ತಿದರು. ಗಡ್ಡದಣ್ಣ ಒಬ್ಬನನ್ನು ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ; ಅವನು ಗಡ್ಡದಣ್ಣನ ಕಿವಿ ಕಚ್ಚಿ ಚೂರು ಕಿತ್ತ. ಫೋಟೋದವಳು ಮೇಲಿನಿಂದ ಬಣ್ಣ ತೆಗೆಯುವ ಥಿನ್ನರ್ ಸುರಿದಳು. ಕಣ್ಣಿಗೆ ಬಿದ್ದವರು ಕುರುಡರಂತೆ ಗೋಡೆ ತಡವುತ್ತ ಕೂಗಿಕೊಳ್ಳುತ್ತಿದ್ದರು. ಹಾಗೆ ತಡವುತ್ತಿದ್ದ ಒಬ್ಬನ ಬೆನ್ನಿಗೆ ಎರಡು ಬಿಟ್ಟೆ. ಅವನು ಓಡುವುದರಲ್ಲಿದ್ದ, ಆದರೂ ಮತ್ತೆ ತಿರುಗಿ ಬರುವುದಿಲ್ಲವೆಂದು ಹೇಗೆ ಹೇಳುವುದು.

ಹತ್ತೇ ನಿಮಿಷ. ಓಡಿಹೋದರು. ನಾಟಕದವರು ಚಪ್ಪಾಳೆ ತಟ್ಟಿ ಕುಣಿದರು. ಮೆಟ್ಟಿಲ ಗೋಡೆಯ ಮೇಲೆ, ನನ್ನ ಎದೆಯ ಎತ್ತರದಲ್ಲಿ, ರಕ್ತ ಚಿಮ್ಮಿ ಕೆಳಗಿಳಿದಿತ್ತು. ಯಾರೂ ಒರೆಸಲಿಲ್ಲ.

ಗ್ಯಾಸ್ ಸಿಲಿಂಡರು ಉರುಳಿ ಬಿದ್ದ ಸದ್ದಾದಾಗ ನಾನು ತಿರುಗಿಯೂ ನೋಡಲಿಲ್ಲ. ದೇಹ ಸುಧಾರಿಸುತ್ತಿದೆ.

ಮಾರ್ಚ್ 20, ಶುಕ್ರವಾರ

ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲ ಸಲ ಒಳ್ಳೆಯ ನಿದ್ದೆ. ಎರಡು ಲೋಟ ಗಂಜಿ ಕುಡಿದೆ.

ಮಾರ್ಚ್ 21, ಶನಿವಾರ

ಏನೂ ಆಗಿಲ್ಲವೆಂಬಂತೆ ಜನ ನೋಡಲು ಬಂದರು. ಮೆಟ್ಟಿಲ ಗೋಡೆಯ ಮುಂದೆ ಗುಂಪು. ರಕ್ತದ ಕಲೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಬಟ್ಟೆ ತೊಟ್ಟ ಹೆಂಗಸೊಬ್ಬಳು ನನ್ನನ್ನು ಕೇಳಿದಳು, "ಇದು ಯಾರು ಮಾಡಿರೋದು?"

ನನ್ನ ಕಡೆ ಬೆರಳು ತೋರಿಸಿಕೊಂಡೆ.

"ತುಂಬಾ ಜೋರಾಗಿದೆ," ಎಂದಳು. "ನೋಡಿದ ತಕ್ಷಣ ಎದೆಗೆ ತಾಗುತ್ತೆ."

ಇಷ್ಟು ವರ್ಷದಲ್ಲಿ ಇಲ್ಲಿ ನನ್ನ ಕೆಲಸವನ್ನು ನನ್ನದೆಂದು ಹೊಗಳಿದವಳು ಇವಳೊಬ್ಬಳೇ.

ಮಾರ್ಚ್ 27, ಶುಕ್ರವಾರ

ಹಳದಿ ಅಂಗಿಯವನು ಸಿಕ್ಕ. ಬಸ್ ಸ್ಟಾಪಿನಲ್ಲಿ ನಿಂತಿದ್ದನಂತೆ. ಇವತ್ತು ಅಂಗಿ ನೀಲಿ, ಆದರೆ ಅವನೇ, ಆವತ್ತು ಮುಖ ನೋಡಿದ್ದ ನಾಟಕದವರು ಗುರುತಿಸಿದರು. ಗಡ್ಡದಣ್ಣ ಮತ್ತು ನಾಟಕದ ಇಬ್ಬರು ಹಾಡಹಗಲಲ್ಲೇ ಅವನನ್ನು ವ್ಯಾನಿಗೆ ಹಾಕಿಕೊಂಡು ನನ್ನ ಕೋಣೆಗೆ ತಂದರು. ಷಟರ್ ಎಳೆದೆವು. ಆ ಸದ್ದಿಗೆ ಅವನು ಮೈ ಕುಗ್ಗಿಸಿದ.

ನಾನು ಗ್ಯಾಸ್ ಹಚ್ಚಿ ಒಂದು ಸರಳನ್ನು ಕೆಂಪಗೆ ಕಾಯಿಸಿದೆ. ಮುಟ್ಟಿಸಲಿಲ್ಲ, ಕೆನ್ನೆಗೆ ಒಂದು ಗೇಣು ದೂರದಲ್ಲಿ ಹಿಡಿದೆ ಅಷ್ಟೆ. ಮೀಸೆಯ ತುದಿ ಸುರುಟಿಕೊಂಡಿತು.

"ಗೇಟು ಯಾರು ತೆಗೆದದ್ದು?" ಎಂದು ಗಡ್ಡದಣ್ಣ ಕೇಳಿದ.

"ಇವರ ತಮ್ಮ. ಇವರ ತಮ್ಮಾನೇ," ಎಂದ. ಆಮೇಲೆ ಯಾರೂ ಕೇಳದಿದ್ದರೂ ಹೇಳತೊಡಗಿದ. "ವೆಲ್ಡಿಂಗ್ ಮಾಡೋ ಹೆಂಗಸು ಇದ್ದಾಳೆ, ಅವಳ ಮೈ ಮುಟ್ಟಬಾರದು ಅಂತ ಅವನು ಮೊದಲೇ ಹೇಳಿದ್ದ. ಕಾಲಿಗೆ ಬಿದ್ದು ಹೇಳಿದ್ದ. ಕೋಟು, ಮುಖವಾಡ ನೋಡಿ ನಾನು ಗಂಡಸು ಅಂದ್ಕೊಂಡೆ. ದೇವರಾಣೆ ಗೊತ್ತಾಗಲಿಲ್ಲ ಅಕ್ಕ."

ಅಕ್ಕ ಅಂದ.

ಎಲ್ಲರೂ ನನ್ನ ಮುಖ ನೋಡಿದರು. ಮುಟ್ಟಬೇಡಿ ಎಂದು ತಮ್ಮ ಹೇಳಿದ್ದರಿಂದ ಏನು ಬದಲಾಯಿತು? ಗೇಟು ತೆರೆದದ್ದು ತೆರೆದದ್ದೇ. ಹಳದಿ ಅಂಗಿಯವನ ಬಲಗೈಯನ್ನು ಮೇಜಿನ ಮೇಲೆ ಕಬ್ಬಿಣ ಬಿಗಿದು ಹಿಡಿಯುವ ವೈಸಿಗೆ ಇಟ್ಟು ಹಿಡಿ ತಿರುಗಿಸಿದೆ. ಆರಿಂಚಿನ ವೈಸು, ಹಲ್ಲು ಹೊಸದು. ಅರ್ಧ ಸುತ್ತು ತಿರುಗಿದಾಗ ಕೂಗಿದ. ಇನ್ನರ್ಧ ಸುತ್ತಿನಲ್ಲಿ ಕಿರುಬೆರಳಿನ ಬದಿಯ ಮೂಳೆ ಹೋಯಿತು. ಹಿಡಿಯಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ, ಬೀಡು ಕಬ್ಬಿಣ ಬಿರುಕು ಬಿಡುವಾಗ ತಿಳಿಯುವ ಹಾಗೆ. ನಾಟಕದವನೊಬ್ಬ ಮೂಲೆಗೆ ಹೋಗಿ ವಾಂತಿ ಮಾಡಿದ.

ಕೂಗು ಕೇಳಿ ಮಣ್ಣಕ್ಕ ಪಕ್ಕದ ಬಾಗಿಲಿನಿಂದ ಬಂದಳು. ಪಟ್ಟಿ ಕಟ್ಟಿದ ಭುಜದಲ್ಲೇ ವೈಸಿನ ಹಿಡಿ ತಿರುಗಿಸಿ ಸಡಿಲಿಸಿ, ಅವನ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನನ್ನ ಹತ್ತಿರ ಹಾದು ಹೋಗುವಾಗ, "ಅಳ್ತಾ ಇರೋದು ನೀನು ಅಂದ್ಕೊಂಡು ಬಂದೆ," ಎಂದಳು.

ಯಾಕೆ ಹಾಗಂದಳೋ. ವೆಲ್ಡಿಂಗ್ ಮಾಡುವವರ ಕಣ್ಣು ಯಾವಾಗಲೂ ಕೆಂಪಗೇ ಇರುತ್ತದೆ.

ಏಪ್ರಿಲ್ 2, ಗುರುವಾರ

ಒಂದು ವಾರದಿಂದ ಮನೆಗೆ ಬಾರದಿದ್ದ ತಮ್ಮ ಇವತ್ತು ಮನೆಗೆ ಹೋಗಿ, ಅಲ್ಲಿಂದ ತಾನಾಗಿಯೇ ನನ್ನ ಕೋಣೆಗೆ ಬಂದ. ಕೈಯಲ್ಲಿ ಅಮ್ಮ ಕೊಟ್ಟು ಕಳಿಸಿದ ಗಂಜಿಯ ಕ್ಯಾರಿಯರ್. ನಾನೂ ಗಡ್ಡದಣ್ಣನೂ ಇದ್ದೆವು.

"ನೀವು ವೈಸಿಗೆ ಹಾಕಿದವನ ಕೈ ನೋಡ್ಕೊಂಡು ಬಂದೆ," ಎಂದ. "ಅಕ್ಕ, ಗೇಟು ನಾನೇ ತೆಗೆದದ್ದು. ತೆಗೀದಿದ್ರೆ ಕೆಲಸ ಬಿಟ್ಟು ಹೋಗು ಅಂದ್ರು. ಹತ್ತು ಹೊಡೆತ ಬಿದ್ರೆ ನೀವೆಲ್ಲ ಜಾಗ ಬಿಟ್ಟು ಹೋಗ್ತೀರಿ, ಅಲ್ಲಿಗೆ ಮುಗಿಯುತ್ತೆ ಅಂದ್ಕೊಂಡೆ. ನಿನ್ನನ್ನ ಮುಟ್ಟಬಾರದು ಅಂತ ಒಂದೇ ಒಂದು ಮಾತು ಕೇಳ್ಕೊಂಡಿದ್ದೆ."

ನಾನು ಏನೂ ಹೇಳಲಾರೆ ಎಂಬುದು ಅವನಿಗೆ ಗೊತ್ತು. ಆದರೂ ಉತ್ತರಕ್ಕೆ ಕಾಯುವವನ ಹಾಗೆ ನಿಂತಿದ್ದ.

"ಎರಡನೇ ಸಲಾನೂ ನಾನೇ ತೆಗೆದೆ," ಎಂದ ಆಮೇಲೆ. "ಆವತ್ತು ನೀನು ಆಸ್ಪತ್ರೆಗೆ ತೋರಿಸೋಕೆ ಹೋಗಿರ್ತೀಯ ಅಂದ್ಕೊಂಡು."

ನನ್ನ ರಾಡಿನ ಮೊದಲ ಏಟು ಕ್ಯಾರಿಯರಿಗೆ ಬಿತ್ತು. ಗಂಜಿ ಗೋಡೆಗೆಲ್ಲ ಹಾರಿತು. ಎರಡನೆಯದು ಕೊರಳಿನ ಪಕ್ಕದ ಎಲುಬಿಗೆ. ಅವನು ಕೈ ಅಡ್ಡ ತರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅದೇ ನನ್ನನ್ನು ಕೆರಳಿಸಿತು. ಚಿಕ್ಕವನಿದ್ದಾಗಲೂ ಹೀಗೆಯೇ, ತಪ್ಪು ಮಾಡಿ ಬಂದು ಎದುರು ನಿಂತುಬಿಡುವುದು. ಮೂರನೆಯದು ಪಕ್ಕೆಗೆ. ಮಂಡಿಯೂರಿದ. ನಾಲ್ಕನೆಯದು ಮುಖಕ್ಕೆ, ಎಡಗಣ್ಣಿನ ಮೇಲೆ.

ನಾಲ್ಕು ಏಟು. ಗಡ್ಡದಣ್ಣ ಹಿಂದಿನಿಂದ ನನ್ನನ್ನು ಅಪ್ಪಿ ಹಿಡಿದು ನೆಲಕ್ಕೆ ಕೆಡವಿದ. ಹನ್ನೊಂದು ಎನ್ನುತ್ತಾನೆ ಅವನು. ಅವನಿಗೆ ಎಣಿಸಲು ಬಾರದು.

ಏಪ್ರಿಲ್ 6, ಸೋಮವಾರ

ಅಮ್ಮ ನಾಲ್ಕು ದಿನದಿಂದ ಆಸ್ಪತ್ರೆಯಲ್ಲೇ ಇದ್ದಾಳೆ. ತಮ್ಮನ ಎಡಗಣ್ಣು ಉಳಿಯಲಿಲ್ಲವಂತೆ. ಪೊಲೀಸರಿಗೆ ಏಣಿಯಿಂದ ಬಿದ್ದೆ ಎಂದು ಹೇಳಿದ್ದಾನೆ. ಅಮ್ಮನಿಗೂ ಅದನ್ನೇ. ನಿನ್ನನ್ನು ಉಳಿಸಲೆಂದು ಹೇಳಿದ ಸುಳ್ಳು ಅದು ಎನ್ನುತ್ತಾಳೆ ಮಣ್ಣಕ್ಕ. ಇರಬಹುದು. ಗೇಟು ತೆಗೆದವನಿಗೆ ಇನ್ನೊಂದು ಸುಳ್ಳು ದೊಡ್ಡದಲ್ಲ.

ಮನೆ ಗುಡಿಸಿದೆ. ಅವನ ಹಳೆಯ ಸ್ವೆಟರ್ ಸಿಕ್ಕಿತು. ಒಗೆದು ಹಾಕಿದೆ.

ಏಪ್ರಿಲ್ 9, ಗುರುವಾರ

ತಂತಿ ತೆಗೆದರು. ಏನಾದರೂ ಹೇಳಿ ಎಂದರು ಡಾಕ್ಟರು. "ನೋವಿಲ್ಲ," ಎಂದೆ. ದನಿ ಬೇರೆ ಯಾರದೋ ಹಾಗೆ ಕೇಳಿಸಿತು.

ಗಿರಣಿಯಲ್ಲಿ ದೊಡ್ಡ ಗದ್ದಲ. ಹೋಟೆಲಿನವರು ವ್ಯವಹಾರದಿಂದ ಹಿಂದೆ ಸರಿದರಂತೆ. ಇಷ್ಟು ರಕ್ತ ಹರಿದ ಜಾಗ ನಮಗೆ ಬೇಡ ಎಂದರಂತೆ. ನಾವು ಗೆದ್ದೆವು. ಗಡ್ಡದಣ್ಣ ಇಪ್ಪತ್ತೆರಡು ರಾಡುಗಳನ್ನೂ ಗೋಡೆಗೆ ಸಾಲಾಗಿ ನೇತುಹಾಕಿ ಪ್ರದರ್ಶನ ಮಾಡೋಣ, ಈ ಸಲ ಹೆಸರು ನಿಮ್ಮದೇ ಎಂದ. ನನ್ನ ಹತ್ತಿರ ನಿಂತು ಮಾತಾಡಲಿಲ್ಲ, ಬಾಗಿಲಿನಿಂದಲೇ ಹೇಳಿದ. ಇಪ್ಪತ್ತೊಂದು ಎಂದು ತಿದ್ದಿದೆ. ಆವತ್ತು ನನ್ನ ಕೈಯಲ್ಲಿದ್ದದ್ದನ್ನು ಅವನೇ ಕಾಲುವೆಗೆ ಎಸೆದು ಬಂದಿದ್ದಾನೆ.

ಮಣ್ಣಕ್ಕ ತನ್ನ ಮಡಕೆ ಮಾಡುವ ತಿಗರಿಯನ್ನು ಟೆಂಪೋಗೆ ಹತ್ತಿಸುತ್ತಿದ್ದಳು. ಒಂದು ಕಡೆ ನಾನು ಹಿಡಿದೆ.

"ಎಲ್ಲಿಗೆ ಹೊರಟೆ? ಇನ್ನು ಜಾಗ ನಮ್ಮದೇ ಅಲ್ವಾ?" ಎಂದು ಕೇಳಿದೆ.

"ಮಗಳ ಮನೆ ಹತ್ತಿರ ಒಂದು ಷೆಡ್ಡು ಇದೆ."

"ಯಾಕೆ?"

"ಇಲ್ಲಿ ನನಗೆ ಹೆದರಿಕೆ ಆಗುತ್ತೆ ಕಣೇ."

ಆ ರೌಡಿಗಳು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಧೈರ್ಯ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಟೆಂಪೋದವನಿಗೆ ಹೊರಡು ಎಂದಳು.

ಏಪ್ರಿಲ್ 12, ಭಾನುವಾರ

ಇವತ್ತು ಆಸ್ಪತ್ರೆಗೆ ಹೋದೆ. ಹತ್ತು ದಿನ ಹೇಗೆ ಕಳೆಯಿತೋ ಗೊತ್ತಿಲ್ಲ. ಮಧ್ಯಾಹ್ನ ನಾಲ್ಕರಿಂದ ಐದರವರೆಗೆ ನೋಡಲು ಬಿಡುತ್ತಾರೆ. ಉದ್ದನೆಯ ವಾರ್ಡು, ಕೊನೆಯ ಮಂಚ. ಅಮ್ಮ ತಮ್ಮನಿಗೆ ಚಮಚದಲ್ಲಿ ಅನ್ನ ತಿನ್ನಿಸುತ್ತಿದ್ದಳು. ಅವನ ಕಣ್ಣಿಗೆ ಬಟ್ಟೆ, ಭುಜಕ್ಕೆ ಪಟ್ಟಿ. ಅವನು ನಿದ್ದೆಗಣ್ಣಿನಲ್ಲಿದ್ದ.

ಅಮ್ಮ ತಿರುಗಿ ನನ್ನ ತುಟಿ ನೋಡಿದಳು.

"ಊಟ ಮಾಡಿದ್ಯಾ?" ಎಂದು ಕೇಳಿದೆ.

"ನೀನೇನೇ ಹೊಡೆದದ್ದು?" ಎಂದಳು. ಕಿವುಡರ ದನಿ, ಇಡೀ ವಾರ್ಡು ತಿರುಗಿತು.

ಅವನು ಗೇಟು ತೆರೆದ ವಿಷಯ ಹೇಳಿದೆ. ಬೇಗ ಬೇಗ ಹೇಳಿದೆ, ಎರಡು ಸಲ ಹೇಳಿದೆ. ಅಮ್ಮ ಪೂರ್ತಿ ನೋಡಿದಳು.

"ಗೇಟಿನ ವಿಷಯ ಅವನೇ ಹೇಳಿದ," ಎಂದಳು. "ಮೊದಲನೇ ದಿನವೇ ಹೇಳಿದ, ಅತ್ತುಕೊಂಡು ಹೇಳಿದ. ನಿನ್ನ ವಿಷಯ ಮಾತ್ರ ಹೇಳಲಿಲ್ಲ."

ಪಕ್ಕದ ಮಂಚದವನ ರೇಡಿಯೋ ಹಾಡುತ್ತಿತ್ತು. ತಮ್ಮನಿಗೆ ಅನ್ನ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ನೀರಿನ ಲೋಟ ನನ್ನ ಪಕ್ಕದಲ್ಲೇ ಇತ್ತು. ಎತ್ತಿಕೊಂಡು ಅವನ ಕಡೆ ಬಾಗಿದೆ.

ಅವನು ಒಳ್ಳೆಯ ಕೈಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಮೈಯನ್ನೆಲ್ಲ ಮುದುಡಿಕೊಂಡು ಗೋಡೆಗೆ ಒತ್ತಿಕೊಂಡ. ಚಮಚ ನೆಲಕ್ಕೆ ಬಿತ್ತು. ಅಮ್ಮ ಎದ್ದು ನಮ್ಮಿಬ್ಬರ ನಡುವೆ ನಿಂತಳು. ಎಪ್ಪತ್ತೆರಡು ವರ್ಷದವಳು, ನನ್ನ ಭುಜದವರೆಗೂ ಬರುವುದಿಲ್ಲ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತಿದ್ದಳು.

ನನ್ನ ಕೈಯಲ್ಲಿದ್ದದ್ದು ಲೋಟ. ನೀರು ಒಂದು ಹನಿಯೂ ಚೆಲ್ಲಿರಲಿಲ್ಲ. ಅದನ್ನು ಅವರಿಗೆ ತೋರಿಸಿದೆ. ಅವಳು ಕೈ ಇಳಿಸಲಿಲ್ಲ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದೆ. ಐದಾಗುವವರೆಗೂ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಯಾರೂ ಕರೆಯಲಿಲ್ಲ.

ನಾಳೆ ಮತ್ತೆ ಹೋಗಬೇಕು. ಬಾಗಿಲಿನಿಂದಲೇ ಎರಡೂ ಕೈ ಕಾಣುವ ಹಾಗೆ ಹೋಗಬೇಕು.